ಅಣ್ಣನ ಕೊಳವೆಯ ಎರಡನೇ ಬಾಯಿ

ಅಣ್ಣ ಕರೆದಾಗ ನಾನು ಹೋಗಲಿಲ್ಲ. ಖಾಸಬಾಗದಿಂದ ಖಾನಾಪುರವೇನು ಕಾಶಿಯೇ? ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬರುತ್ತದೆ. ಆದರೂ ಹೋಗಲಿಲ್ಲ. ಯಾಕೆಂದರೆ ನನ್ನ ಅಣ್ಣ ಒಬ್ಬ ಹೆಗ್ಗಣ! ಸೆಕೆಯಾದರೆ ಮನುಷ್ಯರು ಫ್ಯಾನು ಹಾಕುತ್ತಾರೆ, ಹೆಚ್ಚೆಂದರೆ ಕೂಲರ್ ತರುತ್ತಾರೆ. ಇವನು ನೆಲ ತೋಡಿದ.

ಉದ್ಯಮಬಾಗದ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣ ಸುರಿಯುತ್ತಲೇ ಮುದುಕನಾದವನು ಅವನು. ಆ ಕೆಲಸ ಬಿಟ್ಟು ಖಾನಾಪುರದಲ್ಲಿ ಮನೆ ಮಾಡಿದ ಮೇಲೆ ಮೊದಲ ಬೇಸಿಗೆಯನ್ನೆಲ್ಲ ಬಾವಿಯ ಮೆಟ್ಟಿಲ ಮೇಲೆ ಕುಳಿತು ಕಳೆದ. ನೀರಿಗೆ ಬಂದ ಹೆಂಗಸರಿಗೆ ಮುಜುಗರ, ಅವನ ಹೆಂಡತಿ, ನಮ್ಮ ವೈನಿಗೆ ನಾಚಿಕೆ, ಇವನಿಗೆ ಮಾತ್ರ ಜ್ಞಾನೋದಯ!

"ಮ್ಯಾಲ ಬ್ಯಾಸಗಿ ಇರ್ಲಿ, ಚಳಿ ಇರ್ಲಿ, ಭೂಮಿ ಹೊಟ್ಟ್ಯಾಗ ಯಾವಾಗ್ಲೂ ಒಂದ ನಮೂನಿ ಹವಾ ಐತಿ. ಅದನ್ನ ಮನಿಗೆ ಕರಕೊಂಡ ಬರೂಣು" ಎಂದ.

"ಹವಾ ಏನ ನಿಮ್ಮ ಬೀಗರೇನ್ರಿ, ಕರದ ಕೂಡ್ಲೆ ಬರಾಕ?" ಎಂದಳು ವೈನಿ.

ಹಿತ್ತಲಲ್ಲಿ ಆಳೆತ್ತರ ಮೀರಿದ ಕಂದಕ ತೋಡಿಸಿದ. ಆ ಊರಿನ ಭಟ್ಟಿಯಲ್ಲೇ ಸುಟ್ಟ ಮಣ್ಣಿನ ಕೊಳವೆಗಳನ್ನು ತಂದು ಉದ್ದಕ್ಕೂ ಜೋಡಿಸಿ ಮುಚ್ಚಿದ. ಹಿತ್ತಲ ಕೊನೆಯಲ್ಲಿ ಹೊರಗಿನ ಗಾಳಿ ಒಳಹೋಗಬೇಕು, ನೆಲದೊಳಗೆ ಹಾದು ತಂಪಾಗಿ ಪಡಸಾಲೆಯಲ್ಲಿ ಹೊರಬರಬೇಕು. ಎಳೆಯಲು ಹಳೇ ಕೂಲರಿನ ಫ್ಯಾನು.

ಬಂತು! ಮನೆಯಲ್ಲಿ ಪೂಜೆ ಇಟ್ಟ ದಿನವೇ ಬಾಜೂ ಮನೆಯವರು ಕೊಳವೆಯ ಹೊರಬಾಯಿಯ ಹತ್ತಿರ ಕಂಪೌಂಡಿನ ಮೇಲೆ ಮೀನು ಒಣಹಾಕಿದ್ದರು. ಭಟ್ಟರು ಮಂತ್ರ ನಿಲ್ಲಿಸಿ, ಮೂಗು ಹಿಡಿದುಕೊಂಡು ಕೇಳಿದರು: "ಯಜಮಾನ್ರ, ನೈವೇದ್ಯಕ್ಕ ಏನ ಮಾಡಿಸೀರಿ?"

ಮಳೆಗಾಲದಲ್ಲಿ ಕೊಳವೆಯೊಳಗೆ ಒಂದು ಕಪ್ಪೆ ಸೇರಿತು. ಮನೆಯೇ ವಟಗುಟ್ಟತೊಡಗಿತು. ಅಣ್ಣನಿಗೆ ಅದರಲ್ಲೂ ಹೆಮ್ಮೆ! "ಧ್ವನಿ ಎಷ್ಟ ಚಲೋ ಹಾಯತೈತಿ ನೋಡು!" ಅಂದಿನಿಂದ ವೈನಿ ಹಿತ್ತಲಿಗೆ ಹೋಗಿ ಕರೆಯುವುದನ್ನೇ ಬಿಟ್ಟಳು. ಕೊಳವೆಗೆ ಬಾಯಿಟ್ಟು "ಚಾ ಆತ್ರೀ!" ಎನ್ನುತ್ತಾಳೆ. "ಬಂದ್ನಿ!" ಎಂದು ಭೂಮಿಯ ಹೊಟ್ಟೆಯಿಂದ ಉತ್ತರ ಬರುತ್ತದೆ.

ಇಂಥವನು ಬೇಸಿಗೆ ಬಂತೆಂದರೆ ನನಗೆ ಫೋನು ಮಾಡುತ್ತಿದ್ದ. "ತಂಗೀ, ಒಂದ ಮಧ್ಯಾಹ್ನ ಬಂದು ಕುಂಡ್ರು. ಆಮ್ಯಾಲ ಬೇಕಾದ್ರ ನಗು."

ನಾನು ಸಾಲಿ ಕಲಿತದ್ದು ಕಡಿಮೆ. ಬೆಂಕಿಯ ಮುಂದೆ ಕುಳಿತದ್ದೇ ಹೆಚ್ಚು. ರೊಟ್ಟಿ ಬಡಿದು ಮಾರುವವಳು. ನನ್ನಷ್ಟು ಸೆಕೆ ಗೊತ್ತಿದ್ದವರು ಯಾರು? ಆದರೂ ನಕ್ಕವಳು ನಾನೇ. "ಬರತೀನಿ" ಅಂದೆ, ಹೋಗಲಿಲ್ಲ. ಅಷ್ಟೇ ಆಗಿದ್ದರೆ ಹೋಗಲಿ. ಒಂದು ಮದುವೆ ಊಟದಲ್ಲಿ ಪಕ್ಕದವಳು, "ನಿಮ್ಮಣ್ಣ ಈಗ ಏನ ಮಾಡ್ತಾರ್ರಿ?" ಎಂದು ಕೇಳಿದಳು.

"ಫೌಂಡ್ರಿ ಕಾವು ತಲಿಗೆ ಏರೇತ್ರಿ. ಹೆಗ್ಗಣ ಆಗ್ಯಾನ!"

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಾರಿನ ಬಕೆಟ್ಟು ಹಿಡಿದು ಅಣ್ಣ ನನ್ನ ಹಿಂದೆಯೇ ನಿಂತಿದ್ದ. ಅವನೂ ನಕ್ಕ. ನನ್ನ ಎಲೆಗೆ ಒಂದು ಸೌಟು ಹೆಚ್ಚೇ ಬಡಿಸಿ ಮುಂದೆ ಹೋದ. ಆಮೇಲೆ ಅವನ ಫೋನು ಬರಲಿಲ್ಲ.

ಈ ಬೇಸಿಗೆಗೆ ವೈನಿಯ ಫೋನು ಬಂತು. "ಅಡಗಿಮನ್ಯಾಗೂ ನಿಮ್ಮಣ್ಣ ಕೊಳವೀದು ಒಂದ ಬಾಯಿ ಇಟ್ಟಿದ್ರು. ಬರವ್ರ ಇಲ್ಲಂದ ಮ್ಯಾಲ ಯಾಕ ಅಂತ ಮುಚ್ಚಾಕ ಸಿಮೆಂಟ್ ತಂದಾರ ನೋಡ."

ಬಸ್ಸು ಹತ್ತಿದೆ. ಈ ಸಲ ನಿದ್ದೆ ಬರಲಿಲ್ಲ.

ಅಣ್ಣ ಹಿತ್ತಲ ಕೊನೆಯಲ್ಲಿ ಕೊಳವೆಗೆ ಬಿದ್ದ ಎಲೆ ತೆಗೆಯುತ್ತಿದ್ದ. "ಬಾ. ಒಳಗ ಚಾ ಕುಡಿ" ಎಂದ, ಅಷ್ಟೇ. ಅಡುಗೆಮನೆಗೆ ಹೋದೆ. ವೈನಿ ನಿಂತು ಅಡುಗೆ ಮಾಡುವವಳು, ಕಟ್ಟೆಯ ಮೇಲೆ ಗ್ಯಾಸು. ಆದರೆ ಮೂಲೆಯಲ್ಲಿ, ನೆಲದ ಮೇಲೆ, ಇನ್ನೂ ಮಸಿ ಹಿಡಿಯದ ಒಂದು ರೊಟ್ಟಿ ಒಲೆ. ಬಾಜೂ ಗೋಡೆಯಲ್ಲಿ ಕೊಳವೆಯ ಬಾಯಿ, ಅದೂ ಕೆಳಗೆ. ಆ ಮನೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ರೊಟ್ಟಿ ಬಡಿಯುವವರು ಯಾರಿದ್ದಾರೆ?

ಕುಳಿತೆ. ಸರಿಯಾಗಿ ನನ್ನ ಮುಖದೆತ್ತರ. ತಣ್ಣನೆ ಗಾಳಿ ಕೆನ್ನೆಗೆ, ಕೊರಳಿಗೆ, ಸುಟ್ಟ ಕಲೆಗಳಿದ್ದ ಮುಂಗೈಗೆ ಬಂತು. ಒಲೆಯ ಮುಂದೆ ಕುಳಿತೂ ತಂಪಾಗಬಹುದೆಂದು ಈ ವಯಸ್ಸಿನಲ್ಲಿ ತಿಳಿಯಿತು.

ಎದ್ದು ಹೊರಗೆ ಹೋಗಿ ಅವನ ಮುಖ ನೋಡಿ ಹೇಳುವ ಧೈರ್ಯವಾಗಲಿಲ್ಲ. ಕೊಳವೆಗೆ ಬಾಯಿಟ್ಟೆ.

"ಅಣ್ಣಾ..."

"ಏನವಾ?" ಎಂದಿತು ಭೂಮಿಯ ಹೊಟ್ಟೆ.

"ಮಂದಿ ಮುಂದ ನಿನ್ನ ನಗಿಗೇಡ ಮಾಡಿದ್ನಿ. ನಂದ ತಪ್ಪಾತಣ್ಣಾ. ಈ ಬಾಯಿ ಮುಚ್ಚಬ್ಯಾಡ."