ಬ್ಯಾಡಗಿ ದಾಟಿ ಬ್ಯಾಡಗಿಗೆ

ನೆಟ್ಟಗೆ ಹೋಗುವ ದಾರಿ ನನ್ನ ಹಣೆಯಲ್ಲಿ ಬರೆದಿಲ್ಲ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟು, ಹುಬ್ಬಳ್ಳಿಯ ಖಾನಾವಳಿ, ಗೋವಾದ ಹೋಟೆಲ್ಲು ಅಂತ ಸುತ್ತಿ, ಪ್ರವಾಸಿ ಹಡಗೊಂದರ ಅಡಿಗೆಮನೆ ಸೇರಿದೆ. ಅಲ್ಲೂ ಕಾಲು ನಿಲ್ಲಲಿಲ್ಲ. ಈಗ ಹಾವೇರಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ನೀರಿರಲಿ, ಡಾಂಬರಿರಲಿ, ನಾನು ಹತ್ತಿದ್ದೆಲ್ಲ ಹತ್ತಿರದ ಊರು ದಾಟಿ ದೂರದ್ದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬರುವುದು ಮಾತ್ರ ತಪ್ಪಿಲ್ಲ.

ಹಡಗು

ಹಡಗಿನಲ್ಲಿ ನನ್ನದು ಆಲೂಗಡ್ಡೆ ಸುಲಿಯುವ ಕೆಲಸ. ಅಡಿಗೆಮನೆಯ ಗೋಡೆಗೆ ಆ ವಾರದ ನಕ್ಷೆ ಅಂಟಿಸಿರುತ್ತಿದ್ದರು. ಮೂರು ಬಂದರು ಒಂದೇ ಸಾಲಿನಲ್ಲಿವೆ. ನಮ್ಮ ಹಡಗು ಮೊದಲನೆಯದನ್ನು ಮುಟ್ಟಿ, ನಡುವಿನದನ್ನು ದಾಟಿ, ಕಡೆಯದಕ್ಕೆ ಹೋಗಿ, ಆಮೇಲೆ ನಡುವಿನದಕ್ಕೆ ವಾಪಸ್. ಈ ನಕ್ಷೆ ಬರೆದವನೂ ನನ್ನ ಹಾಗೆ ಸಾಲಿ ಬಿಟ್ಟವನೇ ಇರಬೇಕು ಅಂದುಕೊಂಡೆ.

ಕಾರವಾರ ಕಡೆಯ ದೊಡ್ಡ ಬಾಣಸಿಗ ತಿಳಿಸಿ ಹೇಳಿದ. ನಡುವಿನ ಬಂದರಿನ ಕಟ್ಟೆ ಸಣ್ಣದು, ಅವತ್ತು ಅಲ್ಲಿ ಬೇರೆ ಹಡಗಿನ ಪಾಳಿ. ಎಲ್ಲ ಹಡಗೂ ಒಂದೇ ದಿನ ಜನ ಇಳಿಸಿದರೆ ಊರಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಮೇಲಾಗಿ ಬಹಳಷ್ಟು ಬಂದರುಗಳಲ್ಲಿ ನಿಂತಾಗ ಹಡಗಿನ ಅಂಗಡಿ, ಜೂಜಿನ ಮೇಜು ಮುಚ್ಚಿರಬೇಕು. ನಡುನೀರಿಗೆ ಹೋದರೆ ತೆರೆಯಬಹುದು.

"ಅಂದ್ರ ಊರು ತೋರಸ್ತೇವಂತ ಕರಕೊಂಡು ಬಂದು, ಊರು ಲಗೂ ಮುಟ್ಟಲಾರದಂಗ ನೋಡಕೋತೇವಿ?" ಅಂದೆ.

"ಹೌದು ಮಾರಾಯ. ಲಗೂ ಮುಟ್ಟಿದ್ರೆ ನೀನು ಸುಲಿದ ಆಲೂಗಡ್ಡೆ ತಿನ್ನೋದು ಯಾರು?"

ಚಹಾದಂಗಡಿ

ಹಾವೇರಿಗೆ ಬಂದ ಮೇಲೆ ಬಸ್‌ಸ್ಟ್ಯಾಂಡ್ ಹಿಂದಿನ ಚಹಾದಂಗಡಿಯಲ್ಲಿ ಇದನ್ನೇ ಹೇಳಿದೆ. ನಿವೃತ್ತ ಕಂಡಕ್ಟರ್ ಒಬ್ಬರು ಕೇಳಿಸಿಕೊಂಡು, ಬಶಿಗೆ ಸುರುವಿಕೊಂಡ ಚಹಾ ಮುಗಿಸಿ, ಬಾಣಸಿಗ ಹೇಳಿದ್ದೆಲ್ಲ ಸುಳ್ಳು ಅಂದರು.

"ನಡುವಿನ ಊರಾಗ ಕ್ಯಾಪ್ಟನ್ನನ ಬೀಗರ ಮನಿ ಐತಿ. ಅವರನ್ನ ತಪ್ಪಿಸಿ ಹೊಂಟಾನ."

ಹಾಗಿದ್ದರೆ ವಾಪಸ್ ಯಾಕೆ ಬರುತ್ತಾನೆ ಅಂತ ಕೇಳಿದೆ.

"ದಾಟೂ ಮುಂದ ಅವರು ನೋಡಿಬಿಟ್ಟಿರ್ತಾರ."

ನಕ್ಕು ಬಿಟ್ಟಿದ್ದೆ. ಕಂಡಕ್ಟರ್ ಹೇಳಿದ್ದು ಖರೇ ಅಂತ ಗೊತ್ತಾಗಿದ್ದು ಮುಂದಿನ ವಾರ.

ಲಗ್ನದ ಕಾರ್ಡು

ನಮ್ಮ ಓಣಿಯ ಗಂಡ ಹೆಂಡತಿ ಸಣ್ಣ ಮಗಳ ಲಗ್ನದ ಕಾರ್ಡು ಹಂಚಲು ನನ್ನ ಕಾರು ಹೇಳಿದರು. ದೇವರ ಮುಂದೆ ಕಾರ್ಡು ಇಟ್ಟಾಗಿತ್ತು. ಇನ್ನು ಮನುಷ್ಯರಲ್ಲಿ ಮೊದಲು ಯಾರಿಗೆ?

ಮದುಮಗಳ ಸೋದರತ್ತೆ ಬ್ಯಾಡಗಿಯಲ್ಲಿ, ಸೋದರಮಾವ ರಾಣೆಬೆನ್ನೂರಿನಲ್ಲಿ. ಮೋಟೆಬೆನ್ನೂರು ಕ್ರಾಸಿನಲ್ಲಿ ಹೊರಳಿ ಬ್ಯಾಡಗಿ ಮುಗಿಸಿಕೊಂಡು ಮುಂದೆ ಹೋಗುವುದು ನೆಟ್ಟಗಿನ ದಾರಿ ಅಂತ ತಂದೆ. ಹಿರಿಮಗಳ ಲಗ್ನದಲ್ಲಿ ಹಾಗೇ ಮಾಡಿದ್ದರಂತೆ. ಕಾರ್ಡು ತನಗೆ ಎರಡನೆಯದಾಗಿ ಬಂತೆಂದು ಸೋದರಮಾವ ಹಂದರದೊಳಗೆ ಕಾಲಿಡದೆ, ಹೊರಗೆ ಬೈಕಿನ ಮೇಲೆ ಕುಳಿತು, ಅಲ್ಲಿಂದಲೇ ಅಕ್ಕಿಕಾಳು ಒಗೆದು ಹೋಗಿದ್ದನಂತೆ.

"ಈ ಸಲನೂ ನಮ್ಮಣ್ಣ ಹೊರಗ ಕುಂತ್ರ, ನನ್ನ ಮಗಳನ್ನ ಕೈ ಹಿಡಿದು ಹಂದರಕ್ಕ ಕರಕೊಂಡು ಬರಾವ್ರು ಯಾರ್ರೀ?" ಅಂದರು ತಾಯಿ. ಅವರ ಕಣ್ಣು ನೋಡಿ ತಂದೆ ನೆಟ್ಟಗಿನ ದಾರಿಯ ಮಾತು ಬಿಟ್ಟರು. ಮೊದಲು ರಾಣೆಬೆನ್ನೂರು, ಆಮೇಲೆ ಹಿಂದೆ ಬಂದು ಬ್ಯಾಡಗಿ ಅಂತ ಠರಾವಾಯಿತು.

ಮೋಟೆಬೆನ್ನೂರು ಕ್ರಾಸು ಬಂದಾಗ ಇಬ್ಬರೂ ಸೀಟಿನಲ್ಲಿ ತಲೆ ಬಗ್ಗಿಸಿದರು. ನಾನು ಆಕ್ಸಲರೇಟರ್ ತುಳಿದೆ. ಅಷ್ಟರಲ್ಲಿ ಬಸ್ಸಿಗೆ ನಿಂತಿದ್ದ ಹೆಂಗಸೊಬ್ಬಳು ಕೈ ಮಾಡಿದಳು. ಸೋದರತ್ತೆಯೇ. ತಾನೂ ರಾಣೆಬೆನ್ನೂರಿಗೇ ಹೊರಟಿದ್ದೇನೆ, ಸೀರೆ ತರುವುದಿದೆ ಅನ್ನುತ್ತ ಹತ್ತಿ, ಕಾರ್ಡಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಚೀಲದಲ್ಲಿ ಏನಿದೆ ಅಂತ ಆಕೆ ಕೇಳಲಿಲ್ಲ, ಇವರು ಹೇಳಲಿಲ್ಲ. ರಾಣೆಬೆನ್ನೂರು ಮುಟ್ಟಿದ ಮೇಲೂ ಆಕೆ ಸೀರೆ ಅಂಗಡಿ ಮುಂದೆ ಇಳಿಯಲಿಲ್ಲ.

ಸೋದರಮಾವನ ಮನೆಯಲ್ಲಿ ಆತನ ಹೆಂಡತಿ ಒಬ್ಬಳೇ ಇದ್ದಳು. ಯಜಮಾನ ಮುಂಜಾನೆಯೇ ಬ್ಯಾಡಗಿಗೆ ಹೋದರು ಅಂದಳು.

"ಬ್ಯಾಡಗಿಯಾಗ ಎಲ್ಲಿಗೆ?" ಅಂತ ಸೋದರತ್ತೆ.

ಆ ಹೆಂಗಸು ನೆಲ ನೋಡಿದಳು. "ನಿಮ್ಮ ಮನಿಗ್ರಿ. ಕಾರ್ಡು ಬಂದೈತೇನು ನೋಡಾಕ."

ಸೋದರತ್ತೆ ಸಿಟ್ಟಾಗುವಂತಿರಲಿಲ್ಲ. ಆಕೆ ಬಂದದ್ದೂ ಅದಕ್ಕೇ.

ಕ್ರಾಸು

ಯಜಮಾನನಿಲ್ಲದೆ ಕಾರ್ಡು ಕೊಡುವಂತಿರಲಿಲ್ಲ. ಫೋನು ಮಾಡಿ ಸೋದರಮಾವನನ್ನು ಮೋಟೆಬೆನ್ನೂರು ಕ್ರಾಸಿಗೆ ಕರೆಸಿದೆವು. ಆತ ಬಂದು ಕಾರು ಹತ್ತಿದ. ಮನೆಗೆ ಬಂದು ಕುಂಕುಮ ಹಚ್ಚಿ ಕೊಟ್ಟರೇ ಕರೆದಂಗೆ, ನಡೀರಿ ರಾಣೆಬೆನ್ನೂರಿಗೆ ಅಂದ. ಸೋದರತ್ತೆ, ನಡೀರಿ ಬ್ಯಾಡಗಿಗೆ ಅಂದಳು. ತಾಯಿ ಸೆರಗು ಬಾಯಿಗೆ ಹಚ್ಚಿ ಕುಳಿತರು. ತಂದೆ ನನ್ನ ಮುಖ ನೋಡಿ, "ತಮ್ಮಾ, ನಿಮ್ಮ ಹಡಗಿನಾಗ ಹಿಂಗಾದ್ರ ಏನು ಮಾಡ್ತಿದ್ರಿ?" ಅಂದರು.

ಕಟ್ಟೆಯಲ್ಲಿ ಜಾಗ ಇಲ್ಲದಾಗ ಹಡಗು ಯಾವ ದಂಡೆಗೂ ಹತ್ತದೆ ನೀರಲ್ಲೇ ಲಂಗರು ಹಾಕುತ್ತದೆ, ಜನರನ್ನು ಸಣ್ಣ ದೋಣಿಯಲ್ಲಿ ಊರಿಗೆ ಒಯ್ಯುತ್ತಾರೆ ಅಂದೆ. ಈ ಕ್ರಾಸು ಯಾರ ಊರೂ ಅಲ್ಲ. ಇಲ್ಲೇ ಇಬ್ಬರಿಗೂ ಒಟ್ಟಿಗೇ ಕೊಡ್ರಿ, ಮನೆಗೆ ಆಮೇಲೆ ಹೋಗಿ ಬರೋಣ ಅಂತಲೂ ಹೇಳಿದೆ.

ಬೇರೆ ದಾರಿ ಇಲ್ಲದೆ ಒಪ್ಪಿದರು. ಕ್ರಾಸಿನ ಚಹಾದಂಗಡಿಯ ಬಾಕಿನ ಮೇಲೆ ಇಬ್ಬರನ್ನೂ ಸಮಸಮ ಕೂರಿಸಿದೆವು. ತಂದೆ ಚೀಲದಿಂದ ಒಂದು ಕಾರ್ಡು ತೆಗೆದರು. ಕುಂಕುಮದ ಭರಣಿ ಚೀಲದ ತಳಕ್ಕಿತ್ತು. ಎರಡೂ ಕೈ ಬೇಕಾಯಿತು. ಪಕ್ಕದಲ್ಲಿ ನಿಂತಿದ್ದ ಚಹಾದವನ ಕೈಗೆ ಕಾರ್ಡು ಕೊಟ್ಟು ಭರಣಿ ಹುಡುಕಿದರು.

ಚಹಾದವನು ಕೈ ಒರೆಸಿಕೊಂಡು, ಕಾರ್ಡು ಕಣ್ಣಿಗೆ ಒತ್ತಿಕೊಂಡು, "ನಮ್ಮಂಥಾವ್ರನ್ನ ನೆನಪಿಟ್ಟು ಕರದ್ರಿ, ಖಂಡಿತ ಬರ್ತೇವ್ರಿ ಯಜಮಾನ್ರ" ಅಂದು ಅದನ್ನು ರೊಕ್ಕದ ಗಲ್ಲೆಯ ಮೇಲಿನ ದೇವರ ಫೋಟೋಕ್ಕೆ ಸಿಗಿಸಿಬಿಟ್ಟ.

ಸೋದರಮಾವ ಆ ಫೋಟೋ ನೋಡಿ, ಸೋದರತ್ತೆಯ ಕಡೆ ಹೊರಳಿದ.

"ಅಂದ್ರ ಮೊದಲನೇದು ನಿಮಗ ಬರಲಿಲ್ಲಲ್ರಿ ಅಕ್ಕಾರ?"

"ನಿಮಗೂ ಬರಲಿಲ್ಲಲ್ಲ."

ಇಬ್ಬರ ಮುಖವೂ ಅರಳಿತು. ಇಬ್ಬರೂ ಕಾರ್ಡಿಗೆ ಒಟ್ಟಿಗೇ ಕೈ ಚಾಚಿದರು.

ಲಗ್ನದ ದಿನ ಸೋದರಮಾವ ಮದುಮಗಳ ಕೈ ಹಿಡಿದು ಹಂದರಕ್ಕೆ ಕರೆತಂದ. ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಚಹಾದವನು ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದ. ಗಂಡಿನ ಕಡೆಯವರು ಯಾರೋ ಬಂದು, ಇದು ಹಿರಿಯರ ಜಾಗ, ಹಿಂದೆ ಹೋಗಿ ಅಂದರು.

ಸೋದರಮಾವ, ಸೋದರತ್ತೆ ಇಬ್ಬರೂ ಎದ್ದು ನಿಂತರು. "ಸುಮ್ಕಿರ್ರಿ, ಅವರನ್ನ ಎಬ್ಬಿಸಬ್ಯಾಡ್ರಿ," ಅಂದಳು ಸೋದರತ್ತೆ. "ಮೊದಲನೇ ಕಾರ್ಡು ಅವರದು."