ಐತನ ಲಾರಿಗೆ ತಂಪು ಬಂದದ್ದು

ಐತನ ಲಾರಿಯ ಎ.ಸಿ. ಬಿಸಿಗಾಳಿ ಉಗುಳಲು ಶುರುಮಾಡಿ ಅದು ಮೂರನೇ ದಿನ. ಹಳೇ ಮೀನಿನ ಲಾರಿಗಳಲ್ಲಿ ಹದಿನೆಂಟು ವರ್ಷ ಕೂತು ಬೆವರುಸಾಲೆಯ ಬೆನ್ನು ಕೆರೆದುಕೊಂಡವನಿಗೆ ಆರು ತಿಂಗಳ ಹಿಂದಷ್ಟೇ ಈ ಎ.ಸಿ. ಲಾರಿ ಸಿಕ್ಕಿತ್ತು. ಬೆನ್ನು ನುಣ್ಣಗಾಗಿತ್ತು. ಈಗ ಮತ್ತೆ ಸಾಸಿವೆ ಕಾಳು ಚೆಲ್ಲಿದ ಹಾಗೆ ಅಲ್ಲಲ್ಲಿ ಏಳತೊಡಗಿತ್ತು.

ಬೆಳಿಗ್ಗೆ ಏಳಕ್ಕೇ ಧಣಿ ಜಿತೇಂದ್ರನ ಫೋನು ಬಂತು.

"ಐತ, ಇವತ್ತ್ ಸಂಜಿಗೆ ಮಂಗ್ಳೂರಿಗೆ ನಿನ್ನ್ ಗಾಡ್ಯಂಗೆ ನಾನೂ ಬತ್ತೆ. ಎ.ಸಿ. ಸಮಾ ಆಯ್ಕ್. ಇಲ್ದಿರೆ ಈ ಗಾಡಿ ಆಸೆ ಬಿಡ್, ಹಳೇದಕ್ಕೇ ಹೋಪ್ಲಕ್ಕ್."

ಐತ ಚಾ ಅರ್ಧಕ್ಕೇ ಬಿಟ್ಟು ಎದ್ದ. ನಾವುಂದದ ಪೇಟೆಯಲ್ಲಿ ಐಸಿನ ಶೇಖರ ಅಡ್ಡ ನಿಂತ. ಊರಿನ ಮೀನಿಗೆಲ್ಲ ಐಸು ಕೊಡುವವನು, ಉಪದೇಶವನ್ನೂ ಕೊಡುತ್ತಿದ್ದ.

"ಗಾಳಿ ಬತ್ತಿತ್ತಲ್ದಾ? ಗಾಳಿ ಎದ್ರಿಗೆ ಒಂದ್ ಬುಟ್ಟಿ ಐಸ್ ಇಡ್. ಬಂಗ್ಡೆಗೆ ಸಾಕಾಪ್ದ್ ನಿಂಗೆ ಸಾಲುದಿಲ್ಯಾ?"

ಕೇಳಲು ಸರಿಯೇ ಅನ್ನಿಸಿತು. ಬುಟ್ಟಿ ಸ್ಟೇರಿಂಗಿನ ಮುಂದೆ ಕೂತಿತು. ತ್ರಾಸಿ ತನಕ ತಂಪು, ಹೆಮ್ಮಾಡಿಗೆ ಬರುವಾಗ ಐಸು ಕರಗಿ ನೀರು ಸ್ವಿಚ್ಚುಗಳೊಳಗೆ ಇಳಿಯಿತು. ಹಾರ್ನು ತಾನಾಗಿ ಕೂಗಲು ಹಿಡಿಯಿತು. ಬಸ್ಸುಗಳು ಬದಿಗೆ ಸರಿದವು. ಯಾರೋ ದೊಡ್ಡ ಮನುಷ್ಯರು ಬಂದರೆಂದು ಒಬ್ಬ ಮುದುಕ ಎತ್ತಿ ಕಟ್ಟಿದ ಮುಂಡು ಇಳಿಸಿ ಕೈಮುಗಿದ. ಐತನೂ ಒಂದು ಕೈ ಎತ್ತಿ ಮುಗಿದು ಮುಂದೆ ಹೋದ.

ಕುಂದಾಪುರದ ರತ್ನಾಕರನ ಗ್ಯಾರೇಜಿನಲ್ಲಿ ವಯರು ಕಿತ್ತಮೇಲೇ ಲಾರಿ ಸುಮ್ಮನಾದದ್ದು. ಕ್ಯಾಬಿನ್ನಿನ ಬಾಗಿಲು ತೆರೆದ ರತ್ನಾಕರ ಮೂಗು ಮುಚ್ಚಿಕೊಂಡ. "ಮೀನ್ ಹಿಂದ್ ತುಂಬ್ಸುದಾ, ಮುಂದಾ?"

ಆಮೇಲೆ ಸೋಪಿನ ನೊರೆ ಕಲಸಿ ಪೈಪಿನ ಸಂದುಸಂದಿಗೆ ಬ್ರಶ್ಶಿನಲ್ಲಿ ಹಚ್ಚಿದ. ಗ್ಯಾಸು ಸೋರುವಲ್ಲಿ ಗುಳ್ಳೆ ಏಳಬೇಕು. ನೋಡಲು ಆರು ಜನ ಸೇರಿದರು. ಒಬ್ಬೊಬ್ಬನ ಬೆರಳು ಒಂದೊಂದು ಕಡೆ. ಕಡೆಗೆ ಬಾಗಿಲ ಹೊರಗೆ ಮೀನು ಮಾರುವ ವನಜ ಬುಟ್ಟಿ ಇಳಿಸಿ ಬಂದು ಬಗ್ಗಿ ನೋಡಿದಳು.

"ಅಲ್ ಕಾಣ್, ಆ ಜಾಲರಿ ಮೂಲೆಂಗೆ. ಬೂತಾಯಿ ಮೀನೆಣ್ಣಿ ಕಣಂಗ್ ಜಿಡ್ಡ್."

ಹೌದು. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನ ಮೂಲೆ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ತೂತಾಗಿತ್ತು. ನೊರೆ ಹಚ್ಚಿದ್ದೇ, ನೆಗಡಿಯಾದ ಮಗುವಿನ ಮೂಗಿನಂತೆ ಒಂದು ಗುಳ್ಳೆ ಉಬ್ಬಿತು.

"ಕಂಪೆನಿದ್ ಬಪ್ಪುಕೆ ಎಂಟ್ ದಿನ," ಅಂದ ರತ್ನಾಕರ. "ಬೇರೆಯವ್ರ್ ಮಾಡಿದ್ದ್ ಹಾಲಾಡ್ಯಂಗೆ ಸಿಕ್ಕತ್ತ್."

ಧಣಿಯ ಹೆಂಚಿನ ಲಾರಿ ಓಡಿಸುವ ಗುಣಪಾಲ ಪಂಕ್ಚರಿಗೆಂದು ಬಂದು ಅಲ್ಲೇ ಕೂತಿದ್ದ. "ಹೊರ್ಗಿನ ಮಾಲಾ? ನಾಕ್ ದಿನಕ್ಕೆ ಮತ್ತ್ ಸೋರತ್ತ್. ನಿಂಗೆಂತಕೆ ಎ.ಸಿ. ಐತಣ್ಣ, ಮೀನಿನ ಸಂಗ್ತಿಗೇ ಹಿಂದ್ ಕೂಕೋ."

"ಮಾಲ್ ಯಾರದ್ ಅಂದೇಳಿ ಅಲ್ಲ," ರತ್ನಾಕರ ತಲೆ ಎತ್ತಲಿಲ್ಲ. "ಪೈಪಿನ್ ಬಾಯಿ ಸಮಾ ಕೂತತ್ತಾ, ಅಳ್ತಿ ಸಮಾ ಇತ್ತಾ, ಅಷ್ಟೇ." ಗುಡಿಸುವ ಹಿಡಿಸೂಡಿಯ ಎರಡು ಕಡ್ಡಿ ಮುರಿದು ಒಂದು ಉದ್ದಕ್ಕೆ, ಒಂದು ಅಗಲಕ್ಕೆ ಅಳತೆ ಮಾಡಿ ಕೊಟ್ಟ.

ಹಾಲಾಡಿ ಬಸ್ಸಿನಲ್ಲಿ ಐತನ ಪಕ್ಕ ಕೂತ ಅಜ್ಜ, "ಕಡ್ಡಿ ಒಂಚೂರ್ ಕೊಡಿ," ಅಂದು ಉದ್ದದ ಕಡ್ಡಿಯಿಂದ ಒಂದು ಬೆರಳಷ್ಟು ಮುರಿದುಕೊಂಡು ಹಲ್ಲಿಗೆ ಹಾಕಿದ. ಐತ ಹೌಹಾರಿ ನೋಡುವಾಗ ಅಜ್ಜ ಆ ತುಂಡನ್ನು ಕಿಟಕಿಯಿಂದ ಹೊರಗೆ ಎಸೆದೂ ಆಗಿತ್ತು. ಅಂಗಡಿಯಲ್ಲಿ ಐತ ಕಡ್ಡಿಗೆ ತನ್ನ ತೋರುಬೆರಳನ್ನೂ ಸೇರಿಸಿ ಹಿಡಿದ. ಅಂಗಡಿಯವನು ಬೆರಳನ್ನೂ ಸೇರಿಸಿ ಅಳೆದ.

ತಂದ ಕಂಡೆನ್ಸರನ್ನು ಗ್ಯಾರೇಜಿನಲ್ಲಿ ಇಟ್ಟು ನೋಡಿದರೆ ಪೈಪಿನ ಬಾಯಿ ಸರಿಯಾಗಿ ಕೂತಿತು, ಬೋಲ್ಟಿನ ತೂತು ಮಾತ್ರ ತಪ್ಪಿತು. ರತ್ನಾಕರ ಕಬ್ಬಿಣದ ಪಟ್ಟಿ ಬಗ್ಗಿಸಿ ಹೊಸ ಹಿಡಿತ ಮಾಡಿದ, ಮತ್ತೆ ಉಜ್ಜದಂತೆ ನಡುವೆ ರಬ್ಬರು ಇಟ್ಟ, ಸಂದಿನ ಹಳೇ ರಬ್ಬರು ಬಳೆಗಳನ್ನೆಲ್ಲ ಬದಲಿಸಿದ. ಪಂಪಿಟ್ಟು ಒಳಗಿನ ಗಾಳಿ ಎಳೆದು ಅರ್ಧ ತಾಸು ಮೀಟರಿನ ಮುಳ್ಳು ನೋಡುತ್ತ ಕೂತ. ಐತ ಕೂರಲಿಲ್ಲ. ಲಾರಿಗೆ ಸುತ್ತು ಬಂದ, ಗಡಿಯಾರ ನೋಡಿದ, ಮತ್ತೆ ಸುತ್ತು ಬಂದ. ಮೀಟರಿನ ಮುಳ್ಳು ಅಲುಗಲಿಲ್ಲ, ಎಂದರೆ ಸೋರಿಕೆ ಇಲ್ಲ. ಗ್ಯಾಸು ತುಂಬಿದಮೇಲೆ ಬಂದ ಗಾಳಿಗೆ ಐತನ ಮೈ ಜುಮ್ಮೆಂದಿತು.

"ಅಡಿಂದ ನೀರ್ ತೊಟ್ಕತ್ತ್. ಹೆದ್ರಬೇಡ," ಅಂದ ರತ್ನಾಕರ. "ನೀರ್ ಬಿದ್ರೇ ಎ.ಸಿ. ಲಾಯ್ಕಿತ್ತ್ ಅಂದೇಳಿ ಲೆಕ್ಕ."

ಕೋಡಿಯಲ್ಲಿ ಮೀನು ತುಂಬಿಸಿ, ಧಣಿಯನ್ನೂ ಹತ್ತಿಸಿಕೊಂಡು ಐತ ಐದೂವರೆಗೆ ಹೊರಟ. ಸಾಲಿಗ್ರಾಮ ದಾಟುವಾಗ ಧಣಿ ಕಿವಿಗೆ ಕರ್ಚೀಫು ಕಟ್ಟಿಕೊಂಡ. "ಐತ, ಗಾಡಿ ನಿಂದೇ ಮಾರಾಯ. ಒಂಚೂರ್ ಕಮ್ಮಿ ಮಾಡ್, ಚಳಿ." ಐತನ ಬೆನ್ನು ನವಿಲಿನಂತೆ ಅರಳಿತು.

ಬ್ರಹ್ಮಾವರದ ಹತ್ತಿರ ನಾಲ್ಕು ಬೈಕು ಅಡ್ಡ ನಿಂತವು. ಮುಂದಿನವನ ಮೊಣಕೈಗೆ ಬ್ಯಾಂಡೇಜು.

"ಹ್ವಾಯ್, ಇಳೀರಿ. ಮೀನ್ ಲಾರಿ ನೀರಿಗೆ ಜಾರಿ ಬಿದ್ದ್ ಈ ತಿಂಗ್ಳ್ ಮೂರ್ ಜನ ಕೈ ಮುರ್ಕಂಡ್ರ್. ಇದೆಂತ?"

ಲಾರಿಯಡಿ ತೊಟತೊಟ ನೀರು. ಐತ ಮೀನಿನ ನೀರು ಹಿಡಿಯುವ ಟ್ಯಾಂಕಿನ ಮುಚ್ಚಿದ ನಲ್ಲಿ ತೋರಿಸಿದ. "ಅದ್ ಎ.ಸಿ. ನೀರ್. ಬೇಕಾರೆ ಮೂಸಿ ಕಾಣಿ," ಅಂದು ಒಂದು ಹನಿ ಅಂಗೈಗೆ ಹಿಡಿದು ಮುಂದೆ ಚಾಚಿದ. ಆದರೆ ಹದಿನೆಂಟು ವರ್ಷ ಮೀನು ಹೊತ್ತ ಅಂಗೈ ಅದು. ಬ್ಯಾಂಡೇಜಿನವನು ಮೂಸಿ ಎರಡು ಹೆಜ್ಜೆ ಹಿಂದೆ ಹೋದ.

"ಬಂಗ್ಡೆ," ಅಂದ.

"ಎ.ಸಿ. ನೀರಾದ್ರೆ ಎ.ಸಿ. ಬಂದ್ ಮಾಡಿ, ಕಾಂಬ," ಅಂದ ಇನ್ನೊಬ್ಬ. ಬಂದ್ ಮಾಡಿದರು. ಹತ್ತು ನಿಮಿಷಕ್ಕೆ ಹನಿ ನಿಂತಿತು.

"ಹಾಂಗಾರೆ ಹೀಂಗೇ ಹೋಯ್ನಿ. ಉಡ್ಪಿ ತನಕ ನಾ ಹಿಂದ್ ಬತ್ತೆ. ಒಂದ್ ಹನಿ ಬಿದ್ರೂ ಗಾಡಿ ಅಲ್ಲೇ," ಅಂದ ಬ್ಯಾಂಡೇಜಿನವನು.

ಲಾರಿ ಹೊರಟಿತು. ಕರ್ಚೀಫು ಕಿವಿಯಿಂದ ಬಿಚ್ಚಿ ಧಣಿ ಕುತ್ತಿಗೆ ಒರೆಸಿಕೊಂಡ. ಉಪ್ಪೂರಿನ ಹತ್ತಿರ ಐತನ ಕಡೆ ತಿರುಗಿದ.

"ಐತ, ಎ.ಸಿ. ಇನ್ ಸೋರುದಿಲ್ಲೆ ಅಲ್ದಾ?"

"ಗ್ಯಾಸ್ ಸೋರುದೇ ಇಲ್ಲೆ ಧಣಿ. ನಾಕ್ ವರ್ಷ ಬತ್ತ್."

"ಅದೇ ಹೇಳುದ್ ನಾನೂ. ಇಷ್ಟ್ ಲಾಯ್ಕ್ ಎ.ಸಿ.ಯ ಮೀನಿನ ಗಾಡ್ಯಂಗೆ ಬಂದ್ ಮಾಡಿ ಇಟ್ಟ್ ಎಂತ ಮಾಡುದ್? ಹೆಂಚಿನ ಲಾರಿಂದ ನೀರ್ ಬಿದ್ರೆ ಯಾರೂ ಕೇಳುದಿಲ್ಲೆ. ನಾಳಿಂದ ಇದಕ್ಕೆ ಹೆಂಚ್ ತುಂಬ್ಸುವ, ಗುಣಪಾಲ ಓಡ್ಸ್ಲಿ. ನೀನ್ ಅವನ್ ಹಳೇ ಗಾಡಿಗೆ ಮೀನ್ ತುಂಬ್ಸ್."

ಐತ ಗಾಜು ಇಳಿಸಿದ. ಬ್ಯಾಂಡೇಜಿನವನು ಬೈಕನ್ನು ಕಿಟಕಿಯ ಪಕ್ಕಕ್ಕೇ ತಂದು ಸಂತೋಷದಿಂದ ಕೈಬೀಸಿದ.

"ಒಂದ್ ಹನಿ ಬೀಳ್ಲಿಲ್ಲೆ ಅಣ್ಣ. ದಿನಾ ಹೀಂಗೇ ಬನ್ನಿ."