ಹದಿನಾಲ್ಕು ಗೋಲು, ಒಂದು ಡಬ್ಬಿ ಪೇಡಾ

ಗೆಲ್ಲುವ ತಂಡವನ್ನು ಹಚ್ಚಿಕೊಂಡವರಿಗೆ ಆಟ ಮುಗಿದ ಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಗೆದ್ದರು, ಮನೆಗೆ ಹೋದರು, ಮುಗಿಯಿತು. ಸೋಲುವ ತಂಡದ ಬೆನ್ನು ಹತ್ತಿದವರಿಗೆ ಮಾತ್ರ ಭಾನುವಾರಕ್ಕೊಂದು ಪ್ರಸಂಗ ತಪ್ಪಿದ್ದಲ್ಲ. ನಾನು ಮುಂಬಯಿ ಪಕ್ಕದ ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯ ಬಣ್ಣದ ಕಾರ್ಖಾನೆಯೊಂದರಲ್ಲಿ ಡಿಸ್ಪ್ಯಾಚ್ ಕ್ಲಾರ್ಕ್ ಆಗಿದ್ದಾಗ, ಎರಡು ಸಾವಿರದ ಇಸವಿಯಿಂದ ಮುಂದೆ ಹತ್ತು ಹನ್ನೆರಡು ವರ್ಷ, ಇಂಥ ಒಂದು ಫುಟ್‌ಬಾಲ್ ಕ್ಲಬ್ಬನ್ನು ಹಚ್ಚಿಕೊಂಡಿದ್ದೆ. ಇದರಲ್ಲಿ ನಗುವಂಥದ್ದೇನೂ ಇಲ್ಲವೆಂದು ಆಗ ಗಂಭೀರವಾಗಿ ನಂಬಿದ್ದೆವು. ಕೇಳಿದವರು ನಕ್ಕರೆ ಸಿಟ್ಟು ಬರುತ್ತಿತ್ತು.

ಮೂರು ಮೆಟ್ಟಿಲು

ನಮ್ಮ ಮೈದಾನ ಕಾರ್ಖಾನೆಗಳ ಹಿಂಬದಿಗಿತ್ತು. ಗಾಳಿಯ ವಾಸನೆ ನೋಡಿ ಇವತ್ತು ಯಾರ ಬಾಯ್ಲರ್ ನಡೆಯುತ್ತಿದೆ ಎಂದು ಹೇಳಬಹುದಿತ್ತು. ಒಂದು ತುದಿಗೆ ಗುಲ್‌ಮೊಹರ್ ಮರ, ಪಕ್ಕದಲ್ಲಿ ಸಿಮೆಂಟಿನ ಮೂರು ಮೆಟ್ಟಿಲು. ಅದೇ ನಮ್ಮ ಸ್ಟೇಡಿಯಂ. ಮೆಟ್ಟಿಲಿನ ಖಾಯಂ ಗಿರಾಕಿಗಳು ಮೂವರು. ಒಬ್ಬ ನಾನು. ಇನ್ನೊಬ್ಬ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಕ್ಯಾಶಿಯರ್. ಆಟದ ನಿಯಮವೆಲ್ಲ ಬಾಯಿಪಾಠ, ಯಾರು ತಪ್ಪು ಹೇಳಿದರೂ ತಿದ್ದದೆ ಬಿಡದ ಮನುಷ್ಯ. ಮೂರನೆಯವನು ಬಿಜಾಪುರ ಕಡೆಯವ, ಹಮಾಲರ ಮುಕಾದಮ, ಎಂದರೆ ಮೇಸ್ತ್ರಿ.

ಮುಕಾದಮನಿಗೆ ಅದು ಬರೀ ಮೆಟ್ಟಿಲಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಒಬ್ಬನೇ ಬಂದು ಇಳಿದಾಗ ಅವನ ಮಾತು ತಿಳಿಯುವವರು ಇಲ್ಲಿ ಯಾರೂ ಇರಲಿಲ್ಲ. ಒಂದು ಭಾನುವಾರ ಈ ಮೈದಾನದ ಬದಿಗೆ ಬಂದು ನಿಂತಿದ್ದನಂತೆ. ಮೆಟ್ಟಿಲ ಮೇಲಿದ್ದ ಯಾರೋ ಸರಿದು, "ಬಾರಪ್ಪ, ಕೂತ್ಕೊ" ಎಂದರಂತೆ. ಕನ್ನಡದಲ್ಲಿ. ಆಗ ಕ್ಲಬ್ಬು ಪಕ್ಕದ ಒಂದು ಕಾರ್ಖಾನೆಯದು. ಮುಂದೆ ಅಲ್ಲೇ ಕೆಲಸಕ್ಕೆ ಸೇರಿ, ಗೋಲ್‌ಕಂಬಕ್ಕೆ ಗುಂಡಿ ತೋಡಿದವನೂ ಅವನೇ.

"ಈ ಊರಾಗ ನನಗ ಮೊದಲ ಕೂಡಾಕ ಜಾಗಾ ಕೊಟ್ಟದ್ದು ಈ ಮೆಟ್ಲರಿ. ಇದು ಹೋತಂದ್ರ ನಾ ಮತ್ತ ನಿಂತಂವ ಆಕ್ಕೀನಿ" ಎನ್ನುತ್ತಿದ್ದ.

ಆ ಕಾರ್ಖಾನೆ ಮುಚ್ಚಿತು. ಮೈದಾನ, ಕ್ಲಬ್ಬು, ಕ್ಲಬ್ಬಿನ ಸೆಕ್ರೆಟರಿ ಎಲ್ಲ ಸೇರಿ ಅಂಬರನಾಥದಲ್ಲಿ ಪ್ಲಾಸ್ಟಿಕ್ ನೀರಿನ ಟಾಂಕಿ ಮಾಡುವ ಒಬ್ಬ ಸೇಟರ ಪಾಲಾಯಿತು. ನಾವು ಅವರನ್ನು ಟಾಂಕಿ ಸೇಟ್ ಎಂದೇ ಕರೆದೆವು. ಮೊದಲ ಪಂದ್ಯಕ್ಕೆ ಬಿಳಿ ಸಫಾರಿ ಹಾಕಿಕೊಂಡು ಬಂದು ನಮ್ಮ ಪಕ್ಕದಲ್ಲೇ ಕೂತರು. "ಅಪನೇವಾಲೇ ಕೌನ್?" ಎಂದು ಸೆಕ್ರೆಟರಿಯನ್ನು ಕೇಳಿದರು. ನಮ್ಮವರು ಯಾರೆಂದೇ ಗೊತ್ತಿಲ್ಲ! ಸೆಕ್ರೆಟರಿ ಮರದ ಕಡೆ ಬೆರಳು ತೋರಿಸಿ, "ಝಾಡ್ ಕೀ ತರಫ್ ಜೋ ಮಾರತೇ ಹೈ, ವೋ ಅಪನೇ" ಎಂದ.

ಮರದ ಕಡೆ ಹೊಡೆಯುವವರು ನಮ್ಮವರು: ಸೇಟರು ಅದನ್ನು ಮಂತ್ರದ ಹಾಗೆ ಹಿಡಿದುಕೊಂಡರು. ಮೊದಲರ್ಧದಲ್ಲಿ ನಮ್ಮವರು ಮರದ ಕಡೆ ಒಂದು ಗೋಲು ಹೊಡೆದರು. ಸೇಟರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ವಿರಾಮವಾದ ಮೇಲೆ ತಂಡಗಳು ಬದಿ ಬದಲಿಸಿದವು. ಎದುರಿನವರು ಮರದ ಕಡೆ ಮೂರು ಗೋಲು ಹೊಡೆದರು. ಸೇಟರು ಮೂರಕ್ಕೂ ಎದ್ದು ನಿಂತರು. ಆಟ ಮುಗಿಯಿತು, ಒಂದಕ್ಕೆ ಮೂರು, ನಾವು ಸೋತೆವು. "ಚಾರ್ ಗೋಲ್!" ಎಂದು ಸೇಟರು ಕಾರಿನಿಂದ ಪೇಡಾ ಡಬ್ಬಿ ತರಿಸಿದರು.

ಕ್ಯಾಶಿಯರ್ ತನಗೆ ಬರುವ ಹಿಂದಿಯಲ್ಲಿ ಬದಿ ಬದಲಿಸುವ ನಿಯಮ ವಿವರಿಸಲು ಹೊರಟ. ಸೇಟರು ಅವನ ಬಾಯಿಗೇ ಒಂದು ಪೇಡಾ ಇಟ್ಟರು. ನಾನೂ ತಿಂದೆ. ಮುಕಾದಮ ಮಾತ್ರ ಕೈಕಟ್ಟಿ ಕೂತ. "ಸೋತ ದಿನಾ ಸಿಹಿ ತಿನ್ನೂದಿಲ್ರಿ ನಾ."

ಅವನ ಈ ನಿಯಮದಿಂದಾಗಿ ಮುಂದಿನ ಎಂಟು ವರ್ಷ ಅವನಿಗೆ ಸಕ್ಕರೆ ಕಾಯಿಲೆ ಬರುವ ಪ್ರಶ್ನೆಯೇ ಹುಟ್ಟಲಿಲ್ಲ.

ದಿಕ್ಕು

ಎರಡನೆಯ ವರ್ಷ ಸೇಟರು ವಾಸ್ತು ಪಂಡಿತರನ್ನು ಕರೆತಂದರು. ಗೋಲು ದಕ್ಷಿಣಕ್ಕೆ ಮುಖ ಮಾಡಿದೆ, ಅದು ಯಮನ ದಿಕ್ಕು, ಗೆಲ್ಲುವುದಾದರೂ ಹೇಗೆ ಎಂದು ಪಂಡಿತರು ಕೇಳಿದರು. ಕಂಬ ಕಿತ್ತು ಪೂರ್ವ ಪಶ್ಚಿಮಕ್ಕೆ ನೆಡಬೇಕೆಂದು ತೀರ್ಮಾನವಾಯಿತು. ಕೀಳಲು ಬಂದದ್ದು ಮುಕಾದಮ ಮತ್ತು ಅವನ ಹಮಾಲರು. ತಾನೇ ನೆಟ್ಟ ಕಂಬವನ್ನು ತಾನೇ ಕಿತ್ತ. ಹಳೆಯ ಗುಂಡಿಗಳಿಗೆ ಕಾಲಿನಿಂದಲೇ ಮಣ್ಣು ತಳ್ಳಿ ಮುಚ್ಚಿದ.

ಆದರೆ ಮೈದಾನ ಉದ್ದವಿದ್ದದ್ದು ಉತ್ತರ ದಕ್ಷಿಣಕ್ಕೆ. ಅಡ್ಡಕ್ಕೆ ಅದು ಶಾಲೆಯ ಅಂಗಳದಷ್ಟೇ ಇತ್ತು. ಸಂಜೆಯ ಆಟ, ಪಡುವಣ ಬಿಸಿಲು ನೇರ ನಮ್ಮ ಗೋಲ್‌ಕೀಪರನ ಕಣ್ಣಿಗೆ. ಕ್ಯಾಶಿಯರ್ ಕರುಣೆಯಿಂದ ತನ್ನ ಕಪ್ಪು ಕನ್ನಡಕ ಕೊಟ್ಟ. ಅಷ್ಟರಲ್ಲಿ ಎದುರಾಳಿ ಗೋಲ್‌ಕೀಪರ್ ಆ ತುದಿಯಿಂದ ಚೆಂಡನ್ನು ಎತ್ತಿ ಒದ್ದ. ಅದು ಎಲ್ಲರ ತಲೆಯ ಮೇಲಿಂದ ಬಂದು, ಒಮ್ಮೆ ಪುಟಿದು, ನಮ್ಮ ಗೋಲಿನೊಳಗೆ ಹೋಗಿ ಕೂತಿತು.

"ಇದು ನಿಯಮದಲ್ಲಿ ಉಂಟು ಮಾರಾಯ್ರೆ, ಗೋಲೇ" ಎಂದ ಕ್ಯಾಶಿಯರ್.

ನಾವು ಓಡಿಹೋಗಿ ನಮ್ಮ ಗೋಲ್‌ಕೀಪರನನ್ನು ಕೇಳಿದೆವು: ಕನ್ನಡಕ ಇತ್ತಲ್ಲಪ್ಪ, ಕಾಣಲಿಲ್ಲವೇ?

"ಕಂಡಿತು. ಕನ್ನಡಕ ಹಾಕಿದ ಮೇಲೆ ಸೂರ್ಯ ಬಹಳ ಚೆನ್ನಾಗಿ ಕಂಡ."

ಲೀಗಿನವರು ಇಷ್ಟು ಗಿಡ್ಡ ಮೈದಾನ ನಡೆಯುವುದಿಲ್ಲ ಎಂದು ಪತ್ರ ಕಳಿಸಿದರು. ಮುಕಾದಮ ಮೂರನೆಯ ಸಲ ಗುಂಡಿ ತೋಡಿದ. ಈ ಸಲ ಸಿಳ್ಳೆ ಹಾಕುತ್ತ ತೋಡಿದ.

ರಾಜೀನಾಮೆ ಕೇಳಲು ಹೋದದ್ದು

ಸೇಟರ ಮೈದುನ ಕೋಚ್ ಆದ. ಮೊದಲು ಎಲ್ಲೋ ಈಜು ಕಲಿಸುತ್ತಿದ್ದವನು. ಆಟಗಾರರು ಒಬ್ಬೊಬ್ಬರಾಗಿ ನವಿ ಮುಂಬಯಿಯ ಕ್ಲಬ್ಬುಗಳಿಗೆ ಹೋದರು. ಮೆಟ್ಟಿಲ ಮೇಲಿನ ಚರ್ಚೆ ಬಿಸಿಯೇರಿತು. ತಪ್ಪು ಕೋಚಿನದೆಂದು ನಾನು, ಮಧ್ಯಮ ಪಂಕ್ತಿಯದೆಂದು ಕ್ಯಾಶಿಯರ್. "ತಲಿನ ಕೆಟ್ಟಿದ್ರ ಕಾಲ ಏನ್ ಮಾಡ್ತಾವರಿ? ಮಾಲಕನ್ನ ಬದಲ ಮಾಡ್ರಿ" ಎಂದ ಮುಕಾದಮ. ಕೊನೆಗೆ ಮೂವರೂ ಅಂಬರನಾಥಕ್ಕೆ ಹೋಗಿ, ಕ್ಲಬ್ಬನ್ನು ಬಿಟ್ಟುಕೊಡಿ ಎಂದು ಮುಖಕ್ಕೆ ಹೇಳುವುದೆಂದಾಯಿತು.

ಮೊದಲು ಯಾರು ಮಾತಾಡಬೇಕು ಎಂದು ಲೋಕಲ್ ರೈಲಿನಲ್ಲಿ ವಾದ ಶುರುವಾಯಿತು. ಕಲ್ಯಾಣ ಬಂತು, ಉಲ್ಲಾಸನಗರ ಬಂತು, ವಾದ ಮುಗಿಯಲಿಲ್ಲ. ನಾನೇ ಮೊದಲು ಎಂದು ತೀರ್ಮಾನವಾದಾಗ ಗಾಡಿ ಬದ್ಲಾಪುರದಲ್ಲಿ ನಿಂತಿತ್ತು. ಅಂಬರನಾಥ ಯಾವಾಗ ಹೋಯಿತೆಂದು ಮೂವರಲ್ಲಿ ಒಬ್ಬನಿಗೂ ಗೊತ್ತಿಲ್ಲ.

ತಿರುಗಿ ಹೋದೆವು. ಸೇಟರು ನಮ್ಮನ್ನು ಕುರ್ಚಿ ಕೊಟ್ಟು ಕೂರಿಸಿದರು, ಚಹಾ ತರಿಸಿದರು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದರು. ಡೊಂಬಿವಲಿಯಲ್ಲಿ ನೀರು ಹೇಗೆ ಬರುತ್ತಿದೆ ಎಂದೂ ಕೇಳಿದರು. ಶುಕ್ರವಾರ ಬರುವುದೇ ಇಲ್ಲ ಎಂದು ನಾನು ಅತ್ತುಕೊಂಡೆ. ಆಮೇಲೆ ನಡೆದದ್ದನ್ನು ಹೇಳಲು ಇವತ್ತಿಗೂ ನಾಚಿಕೆಯಾಗುತ್ತದೆ. ರಾಜೀನಾಮೆ ಕೇಳಲು ಹೋದ ನಾನು ಒಂದು ಚಿಕ್ಕ ಟಾಂಕಿ ಹೊತ್ತುಕೊಂಡು ಬಂದೆ. ಕ್ಯಾಶಿಯರ್ ಇನ್ನೊಂದನ್ನು ಹೊತ್ತಿದ್ದ. ಮುಕಾದಮ, ಜೀವಮಾನವೆಲ್ಲ ಹೊರೆ ಹೊತ್ತವನು, ಖಾಲಿ ಕೈ ಬೀಸಿಕೊಂಡು ಬಂದ. ಬರುವಾಗ ರೈಲಿನಲ್ಲಿ ಬೇರೆ ಡಬ್ಬಿ ಹತ್ತಿದ.

ಮೂರು ಭಾನುವಾರ ನಮ್ಮ ಜೊತೆ ಮಾತು ಬಿಟ್ಟ. ನಾಲ್ಕನೆಯ ಭಾನುವಾರ ಮೈದಾನ ನೋಡುತ್ತಲೇ ಕೇಳಿದ: "ಟಾಂಕಿ ಸೋರತೈತೇನ್ರಿ?"

"ಇಲ್ಲ" ಎಂದೆ ತಲೆ ತಗ್ಗಿಸಿ.

"ಹಂಗಾದ್ರ ಆ ಮನಷ್ಯಾಗ ಟಾಂಕಿ ಮಾಡಾಕ ಬರತೈತಿ. ಅದನ್ನಷ್ಟ ಮಾಡಿಕೋತ ಇರಬೇಕಿತ್ತು."

ಕಾರ್ಡು

ಒಂದು ದಿನ ಸೆಕ್ರೆಟರಿ ಬಂದು ಎರಡೆರಡು ಪಾಸ್‌ಪೋರ್ಟ್ ಫೋಟೋ ಕೊಡಿ, ಸಪೋರ್ಟರ್ ಕಾರ್ಡು ಮಾಡಿಸುತ್ತೇನೆ ಎಂದ. ಇಷ್ಟು ವರ್ಷದ ನಿಷ್ಠೆಗೆ ಕೊನೆಗೂ ಬೆಲೆ ಬಂತೆಂದು ನಾವು ಹೊಸ ಶರ್ಟು ಹಾಕಿ ಫೋಟೋ ತೆಗೆಸಿದೆವು.

ಕಾರ್ಡು ಬಂತು. ಅದು ಲೀಗಿನ ಕಾರ್ಡು. ಮುಕಾದಮನ ಫೋಟೋ ಕೆಳಗೆ "ಫಾರ್ವರ್ಡ್", ನನ್ನದರ ಕೆಳಗೆ "ಡಿಫೆಂಡರ್", ಕ್ಯಾಶಿಯರನದರ ಕೆಳಗೆ "ಗೋಲ್‌ಕೀಪರ್" ಎಂದಿತ್ತು. ಪಟ್ಟಿಯಲ್ಲಿ ಇಷ್ಟು ಹೆಸರು ಇರಲೇಬೇಕೆಂದು ಲೀಗಿನ ನಿಯಮವಂತೆ. ಆಟಗಾರರು ಸಾಲದ್ದಕ್ಕೆ ಸೆಕ್ರೆಟರಿ ನಮ್ಮನ್ನು ತುಂಬಿಸಿದ್ದ. "ಅಹೋ, ಫಕ್ತ ಕಾಗದಾವರ" ಎಂದ. ಬರೀ ಕಾಗದದ ಮೇಲೆ, ಅಷ್ಟೇ.

ಕ್ಯಾಶಿಯರ್ ಹೆಮ್ಮೆಯಿಂದ ಹೆಂಡತಿಗೆ ತೋರಿಸಿದನಂತೆ. ಆಕೆ ಕನ್ನಡಕ ಹಾಕಿಕೊಂಡು ಓದಿ, ಹಿಂದಕ್ಕೆ ಕೊಟ್ಟು ಹೇಳಿದ್ದಿಷ್ಟು: "ಮೊನ್ನೆ ಅಟ್ಟದ ಮೇಲಿಂದ ನಾನು ಕೊಟ್ಟ ತೆಂಗಿನಕಾಯಿ ಹಿಡೀಲಿಕ್ಕೆ ಆಗ್ಲಿಲ್ಲ ನಿಮಗೆ."

ಕೊನೆಯ ಭಾನುವಾರ

ಮೊದಲ ಪಂದ್ಯದ ಮೇಲೆ ಆಟ ನೋಡಲು ಬಾರದೆ, ಸೆಕ್ರೆಟರಿಯ ಪುಸ್ತಕದಲ್ಲೇ ಫಲಿತಾಂಶ ನೋಡುತ್ತಿದ್ದ ಸೇಟರಿಗೆ ಎಂಟನೆಯ ವರ್ಷ ಸಾಕಾಯಿತು. ಈ ಹಂಗಾಮಿನಲ್ಲಿ ಒಂದಾದರೂ ಪಂದ್ಯ ಗೆಲ್ಲದಿದ್ದರೆ ಕ್ಲಬ್ಬು ಮುಚ್ಚಿ ಮೈದಾನದಲ್ಲಿ ಟಾಂಕಿ ಒಟ್ಟುತ್ತೇನೆ ಎಂದು ಹೇಳಿ ಕಳಿಸಿದರು. ಒಂದೊಂದಾಗಿ ಎಲ್ಲ ಸೋತೆವು. ಕೊನೆಯದೊಂದು ಉಳಿಯಿತು. ಅದನ್ನು ನೋಡಲು ತಾವೇ ಬರುವುದಾಗಿ ಸೇಟರು ಹೇಳಿದರು. ಆ ವಾರವಿಡೀ ಮುಕಾದಮ ಸರಿಯಾಗಿ ಊಟ ಮಾಡಲಿಲ್ಲ.

ಆ ಭಾನುವಾರ ರೈಲಿನ ಮೆಗಾಬ್ಲಾಕ್. ಗಾಡಿಗಳಿಲ್ಲ. ಠಾಣೆ ಕಡೆಯಿಂದ ಬರಬೇಕಾದ ಆಟಗಾರರು ಮಾಜಿವಾಡಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದೇವೆ ಎಂದು ಫೋನು ಮಾಡಿದರು. ಮೈದಾನದಲ್ಲಿ ಇದ್ದದ್ದು ನಾಲ್ಕೇ ಜನ.

"ಏಳು ಜನ ಇಲ್ಲದಿದ್ರೆ ಆಟ ಶುರು ಮಾಡ್ಲಿಕ್ಕಿಲ್ಲ. ನಿಯಮ" ಎಂದ ಕ್ಯಾಶಿಯರ್. ಹೇಳಿದ ಮೇಲೆ ಅವನ ಮುಖವೇ ಬಿಳಿಚಿಕೊಂಡಿತು. ಸೆಕ್ರೆಟರಿ ನಮ್ಮ ಮೂವರನ್ನೇ ನೋಡುತ್ತಿದ್ದ.

ಮುಕಾದಮ ಆಗಲೇ ಶರ್ಟಿನ ಗುಂಡಿ ಬಿಚ್ಚುತ್ತಿದ್ದ. "ಏಳ್ರಿ. ಎಂಟ ವರ್ಷ ಕುಂತ ಹೇಳಿದ್ದಾತು, ಇವತ್ತೊಂದಿನಾ ಎದ್ದ ತೋರಸೂಣು."

ಒಂಬತ್ತನೆಯ ನಂಬರಿನ ಜೆರ್ಸಿ ಅವನ ಹೊಟ್ಟೆಯ ಅರ್ಧಕ್ಕೆ ನಿಂತಿತು. ನಾವು ಇಳಿದೆವು. ಮೊದಲರ್ಧದಲ್ಲಿ ನಮ್ಮದು ಮರದ ಕಡೆಗೆ ಹೊಡೆಯುವ ಸರದಿ. ಮರದವರೆಗೆ ಹೋಗುವುದಿರಲಿ, ಮಧ್ಯದ ಗೆರೆ ದಾಟಲಿಕ್ಕೇ ಆಗಲಿಲ್ಲ. ನನ್ನ ಪಕ್ಕದಿಂದ ಹುಡುಗರು ಫಾಸ್ಟ್ ಲೋಕಲ್ಲಿನ ಹಾಗೆ ಹೋದರು. ನಾಲ್ಕು ಗೋಲು. ಮೂರನೆಯದು ಆಫ್‌ಸೈಡ್ ಎಂದು ಕ್ಯಾಶಿಯರ್ ಗೋಲು ಬಿಟ್ಟು ರೆಫರಿಯ ಹತ್ತಿರ ವಾದಕ್ಕೆ ಹೋಗಿದ್ದಾಗ ನಾಲ್ಕನೆಯದು ಆಯಿತು.

ಅಷ್ಟರಲ್ಲಿ ಸೇಟರು ಬಂದಿದ್ದರು. ನಮ್ಮ ಮೆಟ್ಟಿಲ ಮೇಲೆ, ಮುಕಾದಮನ ಜಾಗದಲ್ಲಿ, ನಾವು ಬಿಟ್ಟು ಬಂದ ಶೇಂಗಾ ತಿನ್ನುತ್ತ ಕೂತು, "ಭಾಗೋ ರೇ, ಸೋ ರಹೇ ಹೋ ಕ್ಯಾ?" ಎಂದು ಕೂಗುತ್ತಿದ್ದರು. ಓಡ್ರೋ, ನಿದ್ದೆ ಮಾಡ್ತಿದ್ದೀರಾ ಎಂದು ನಾವು ಎಂಟು ವರ್ಷ ಕೂಗಿದ ಮಾತುಗಳನ್ನೇ ಅವರು ಕೂಗಿದರು. ಅವು ಎಷ್ಟು ಚುಚ್ಚುತ್ತವೆ ಎಂದು ಆಗ ತಿಳಿಯಿತು.

ವಿರಾಮದ ಹೊತ್ತಿಗೆ ಜೋರು ಮಳೆ ಹೊಡೆಯಿತು. ಎಲ್ಲರ ಜೆರ್ಸಿಯೂ ಕೆಸರಿನ ಒಂದೇ ಬಣ್ಣವಾಯಿತು. ಬದಿ ಬದಲಾಯಿತು. ಎದುರಿನವರು ಹತ್ತು ಗೋಲು ಹೊಡೆದರು. ಒಮ್ಮೆ ಮುಕಾದಮನ ಕಾಲಿಗೆ ಚೆಂಡು ಸಿಕ್ಕಿತ್ತು. ಅವನು ಅದನ್ನು ಒದೆಯದೆ, ಕಳಕೊಂಡದ್ದು ಸಿಕ್ಕಿದವನ ಹಾಗೆ ನೋಡುತ್ತ ನಿಂತ. ಯಾರೋ ಬಂದು ತೆಗೆದುಕೊಂಡು ಹೋದರು. ಸೀಟಿ ಊದಿದಾಗ ಹದಿನಾಲ್ಕಕ್ಕೆ ಸೊನ್ನೆ.

ಮುಕಾದಮ ಕುಂಟುತ್ತ ಮೆಟ್ಟಿಲ ಹತ್ತಿರ ಬಂದು ನಿಂತ. ಕೂರಲಿಲ್ಲ. ಮಳೆಯೋ ಬೆವರೋ ಕಣ್ಣೀರೋ, ಮುಖವೆಲ್ಲ ನೀರು. "ಮುಗೀತ್ರಿ" ಎಂದ ನನಗೆ ಮಾತ್ರ ಕೇಳುವಂತೆ.

ಸೇಟರು ಛತ್ರಿ ಹಿಡಿದು ಎದ್ದು ಬಂದರು. ಇನ್ನೊಂದು ಕೈಯಲ್ಲಿ ಪೇಡಾ ಡಬ್ಬಿ ಇತ್ತು.

"ಪಹಲೇ ಹಾಫ್ ಮೇ ಸಬ್ ಸೋ ರಹೇ ಥೇ. ಮೈನೇ ಯಹಾಂ ಸೇ ಡಾಂಟಾ, ತೋ ದೇಖೋ, ಝಾಡ್ ಕೀ ತರಫ್ ದಸ್ ಗೋಲ್! ದಸ್–ಚಾರ್! ಜೀತ್ ಗಯೇ!" ಎಂದು ಮುಕಾದಮನನ್ನು ಕೆಸರು ಸಮೇತ ತಬ್ಬಿಕೊಂಡರು. ತಾವು ಗದರಿದ ಮೇಲೆ ಮರದ ಕಡೆ ಹತ್ತು, ಆಚೆ ಬರೀ ನಾಲ್ಕು, ನಾವು ಗೆದ್ದೆವಂತೆ. "ಕ್ಲಬ್ ಬಂದ್ ನಹೀ ಹೋಗಾ. ಅಗಲೇ ಸಾಲ್ ಭೀ ಯಹೀ ಟೀಮ್ ರಹೇಗೀ." ಕ್ಲಬ್ಬು ಮುಚ್ಚುವುದಿಲ್ಲ, ಮುಂದಿನ ವರ್ಷವೂ ಇದೇ ತಂಡ.

ಸೆಕ್ರೆಟರಿ ಸದ್ದಿಲ್ಲದೆ ತನ್ನ ಪುಸ್ತಕ ಮುಚ್ಚಿ ಬಗಲಿಗೆ ಸೇರಿಸಿದ. ಸೇಟರು ಒಂದು ಪೇಡಾ ಎತ್ತಿ ಮುಕಾದಮನ ಮುಂದೆ ಹಿಡಿದರು. ಎಂಟು ವರ್ಷ ಸೋತ ದಿನ ಸಿಹಿ ಮುಟ್ಟದವನು ಬಾಯಿ ಅಗಲಿಸಿ ತಿಂದ. ತಿಂದು, ಸೇಟರನ್ನು ಮೆಲ್ಲಗೆ ಸರಿಸಿ, ತನ್ನ ಮೆಟ್ಟಿಲ ಮೇಲೆ ಕೂತ.

ಆಗ ಕ್ಯಾಶಿಯರ್ ಗಂಟಲು ಸರಿಮಾಡಿಕೊಂಡ. "ಸೇಟ್‌ಜೀ, ಏಕ್ ಮಿನಿಟ್. ನಿಯಮ್ ಐಸಾ ಹೈ ಕಿ ಹಾಫ್ ಟೈಮ್ ಕೇ ಬಾದ್..."

ಮುಕಾದಮ ಕೂತಲ್ಲಿಂದಲೇ ಡಬ್ಬಿಗೆ ಕೈಹಾಕಿ, ಸಿಕ್ಕಷ್ಟು ಪೇಡಾ ಬಾಚಿ ಕ್ಯಾಶಿಯರನ ಬಾಯಿಗೆ ತುರುಕಿದ. ನಮ್ಮ ಕ್ಲಬ್ಬಿನ ಫಾರ್ವರ್ಡ್ ಆ ದಿನ ಗುರಿ ತಪ್ಪದೆ ಹೊಡೆದದ್ದು ಅದೊಂದೇ.